ಪ್ಲೇಟ್‌ಲೆಟ್‌ಗಳಿಂದ ಹೊರಬರುವ ಕೊಬ್ಬಿನಾಮ್ಲಗಳು: ಮೀನೆಣ್ಣೆಯ ಪರಿಣಾಮವನ್ನು ವಿಜಯಪುರದಲ್ಲಿ ಅಳೆದ ನನ್ನ ಅನುಭವ

ವಿಜಯಪುರ ಸೀಮೆಯ ಮನೆಗಳಲ್ಲಿ ಬಿಳಿಜೋಳದ ರೊಟ್ಟಿಯ ಜೊತೆ ತಾಟಿಗೆ ಬರುವ ಕೊಬ್ಬು ಬಹುಮಟ್ಟಿಗೆ ಒಗ್ಗರಣೆಯ ಕುಸುಬಿ ಎಣ್ಣೆ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮತ್ತು ಗುರೆಳ್ಳು ಹಿಂಡಿಗಳಿಂದ ಬಂದದ್ದು. ಈಚಿನ ವರ್ಷಗಳಲ್ಲಿ ಇದಕ್ಕೆ ಸೂರ್ಯಕಾಂತಿ ಎಣ್ಣೆಯೂ ಸೇರಿಕೊಂಡಿದೆ. ಕುಸುಬಿ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲ, ಅಂದರೆ ಒಮೆಗಾ-6 ಕುಟುಂಬದ ಕೊಬ್ಬಿನಾಮ್ಲ. ಅಗಸಿಯ ಎಣ್ಣೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಆಲ್ಫಾ-ಲಿನೋಲೆನಿಕ್ ಆಮ್ಲವಿದೆ, ಅದು ಒಮೆಗಾ-3 ಕುಟುಂಬದ್ದು. ಆದರೆ ಅದೇ ಕುಟುಂಬದ ಉದ್ದ ಸರಪಳಿಯ ಆಮ್ಲಗಳಾದ ಇಪಿಎ ಮತ್ತು ಡಿಎಚ್‌ಎ ಸಮುದ್ರದ ಮೀನಿನಲ್ಲಿ ಧಾರಾಳವಾಗಿ ಸಿಗುವಂಥವು; ನಮ್ಮ ತಾಟಿನಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಮೀನೆಣ್ಣೆ ಪ್ಲೇಟ್‌ಲೆಟ್‌ಗಳ ಮೇಲೆ ಏನು ಮಾಡುತ್ತದೆ ಎಂಬುದನ್ನು ನನ್ನ ಸಂಶೋಧನೆಯ ವಿಷಯವಾಗಿ ಎತ್ತಿಕೊಂಡಾಗ ಹಲವರು ಕರಾವಳಿಯ ಕೆಲಸವನ್ನು ಇಲ್ಲೇಕೆ ಮಾಡುತ್ತೀರಿ ಎಂದು ಕೇಳಿದರು. ಇಪಿಎ ಇಲ್ಲದ ಪೊರೆಗೆ ಇಪಿಎ ಬಂದು ಸೇರುವುದನ್ನು ಕಾಣಬೇಕಾದರೆ ಇಲ್ಲಿಗಿಂತ ಒಳ್ಳೆಯ ಜಾಗ ಬೇರೆ ಇರಲಿಲ್ಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಡೆಂಗಿ ಹಬ್ಬಿದ ದಿನಗಳಲ್ಲಿ ಪ್ಲೇಟ್‌ಲೆಟ್ ಎಂಬ ಮಾತು ಹಳ್ಳಿಹಳ್ಳಿಗೂ ತಲುಪಿದೆ. ಅದು ಎರಡು ಮೂರು ಮೈಕ್ರೋಮೀಟರ್ ಅಗಲದ, ಕೋಶಕೇಂದ್ರವಿಲ್ಲದ, ರಕ್ತದಲ್ಲಿ ಏಳರಿಂದ ಹತ್ತು ದಿನ ಬದುಕುವ ಒಂದು ಪುಟ್ಟ ಬಿಲ್ಲೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಇರುತ್ತದೆ. ಅದರ ಪೊರೆಯನ್ನು ಕಟ್ಟಿರುವ ಕೊಬ್ಬಿನ ಅಣುಗಳಾದ ಫಾಸ್ಫೋಲಿಪಿಡ್‌ಗಳಲ್ಲಿರುವ ಕೊಬ್ಬಿನಾಮ್ಲಗಳ ಪೈಕಿ ಸುಮಾರು ಕಾಲು ಭಾಗ ಒಮೆಗಾ-6 ಕುಟುಂಬದ ಅರಾಕಿಡೋನಿಕ್ ಆಮ್ಲ. ರಕ್ತನಾಳಕ್ಕೆ ಗಾಯವಾಗಿ ರಕ್ತ ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ಅಥವಾ ನಾಳದ ಗೋಡೆಯ ಪ್ರೋಟೀನಾದ ಕೊಲಾಜೆನ್ ತಾಗಿದೊಡನೆ ಬಿಲ್ಲೆಯೊಳಗೆ ಕ್ಯಾಲ್ಸಿಯಂ ಏರುತ್ತದೆ, ಫಾಸ್ಫೋಲಿಪೇಸ್ ಎ2 ಎಂಬ ಕಿಣ್ವ ಎಚ್ಚೆತ್ತು ಫಾಸ್ಫೋಲಿಪಿಡ್‌ನ ಎರಡನೆಯ ಸ್ಥಾನದಲ್ಲಿ ಕುಳಿತಿರುವ ಅರಾಕಿಡೋನಿಕ್ ಆಮ್ಲವನ್ನು ಕತ್ತರಿಸಿ ಬಿಡುತ್ತದೆ. ಬಿಡುಗಡೆಯಾದ ಆಮ್ಲವನ್ನು ಸೈಕ್ಲೋಆಕ್ಸಿಜನೇಸ್ ಕಿಣ್ವ ಹಿಡಿದು ಥ್ರಾಂಬಾಕ್ಸೇನ್ ಎ2 ಆಗುವ ದಾರಿಗೆ ಹಚ್ಚುತ್ತದೆ, ಮತ್ತು ಆ ಥ್ರಾಂಬಾಕ್ಸೇನ್ ಪಕ್ಕದ ಪ್ಲೇಟ್‌ಲೆಟ್‌ಗಳನ್ನೂ ಕರೆದು ಗಂಟುಗೂಡಿಸುತ್ತದೆ. ಸ್ವೀಡನ್ನಿನ ಸ್ಯಾಮ್ಯುಯೆಲ್ಸನ್ ಮತ್ತು ಸಂಗಡಿಗರು ಇದನ್ನು 1975ರಲ್ಲಿ ಗುರುತಿಸಿದರು. ಅದರ ಆಯುಷ್ಯ ಕೇವಲ ಅರ್ಧ ನಿಮಿಷದ ಆಸುಪಾಸು. ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ಪ್ಲೇಟ್‌ಲೆಟ್‌ಗಳಲ್ಲಿ ಅರಾಕಿಡೋನಿಕ್ ಆಮ್ಲದ ಜಾಗವನ್ನು ಇಪಿಎ ಬಹಳಷ್ಟು ಆಕ್ರಮಿಸಿಕೊಂಡಿದೆ ಮತ್ತು ಅವರಿಗೆ ರಕ್ತ ನಿಲ್ಲಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಡೆನ್ಮಾರ್ಕಿನ ಡೈಯರ್‌ಬರ್ಗ್ ಮತ್ತು ಬ್ಯಾಂಗ್ 1979ರಲ್ಲಿ ಬರೆದ ಮೇಲೆ ಮೀನೆಣ್ಣೆಯ ಕಡೆಗೆ ಎಲ್ಲರ ಗಮನ ಹರಿಯಿತು.

ನಾನು ಓದಿದ ಬಹಳಷ್ಟು ಲೇಖನಗಳು ಪೊರೆಯಲ್ಲಿ ಏನಿದೆ ಎಂಬುದನ್ನು ಅಳೆದು ಅಲ್ಲಿಗೆ ನಿಲ್ಲುತ್ತಿದ್ದವು, ಇಲ್ಲವೆ ನೇರವಾಗಿ ಕೊನೆಯ ಉತ್ಪನ್ನಕ್ಕೆ, ಅಂದರೆ ಥ್ರಾಂಬಾಕ್ಸೇನ್ ಎ2 ಒಡೆದು ಉಳಿಯುವ ಸ್ಥಿರ ರೂಪವಾದ ಥ್ರಾಂಬಾಕ್ಸೇನ್ ಬಿ2ಗೆ ಹಾರುತ್ತಿದ್ದವು. ನಡುವಿನ ಹೆಜ್ಜೆ, ಅಂದರೆ ಪ್ರಚೋದನೆ ಸಿಕ್ಕಾಗ ಯಾವ ಆಮ್ಲ ಎಷ್ಟು ಹೊರಬರುತ್ತದೆ ಎಂಬುದು, ಅಳೆಯಲು ಕಷ್ಟವಾದ್ದರಿಂದ ಅದರ ಮೇಲೆ ಕೆಲಸ ಮಾಡಿದವರು ಕಡಿಮೆ. ಕಣಜದಲ್ಲಿ ಏನು ತುಂಬಿದೆ ಎಂದು ತಿಳಿದ ಮಾತ್ರಕ್ಕೆ ಬಾಗಿಲು ತೆಗೆದಾಗ ಏನು ಸುರಿಯುತ್ತದೆ ಎಂದು ಹೇಳಲಾಗದು ಎಂದು ನನ್ನ ಮಾರ್ಗದರ್ಶಕರು ಮೊದಲ ದಿನವೇ ಹೇಳಿದ್ದರು. ನನ್ನ ಇಡೀ ಕೆಲಸ ಆ ಒಂದು ಮಾತಿನ ಸುತ್ತ ನಡೆಯಿತು.

ಸ್ವಯಂಸೇವಕರನ್ನು ಹುಡುಕುವುದು ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಮೀನೆಣ್ಣೆ ಮೀನಿನದು, ಅದನ್ನು ತುಂಬಿದ ಮೆತ್ತನೆಯ ಕವಚದ ಜೆಲಟಿನ್ ಕೂಡ ಪ್ರಾಣಿಮೂಲದ್ದು; ಎರಡನ್ನೂ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು ಎಂದು ನಾನು ಪಟ್ಟು ಹಿಡಿದೆ. ಬರೆದದ್ದನ್ನು ಓದಿ ಅರ್ಧಕ್ಕರ್ಧ ಜನ ಕೈಮುಗಿದು ಹೊರಟುಹೋದರು. "ಮೇಡಂ, ನಿಮ್ಮ ಕೆಲಸಕ್ಕ ನಾವು ಬ್ಯಾಡ ಅನ್ನಂಗಿಲ್ಲ, ಆದ್ರ ಇದನ್ನ ತಿಂದು ದೇವರ ಜಗಲಿ ಮುಂದ ಹೆಂಗ ಕುಂಡ್ರೋದ್ರಿ" ಎಂದು ಒಬ್ಬರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಅವರನ್ನು ಒಪ್ಪಿಸುವ ಹಕ್ಕು ನನಗಿದೆ ಎಂದೂ ಅನ್ನಿಸಲಿಲ್ಲ. ಉಳಿದ ಬೆರಳೆಣಿಕೆಯ ಮಂದಿ ವಿದ್ಯಾರ್ಥಿಗಳು, ಇಬ್ಬರು ವಾಹನ ಚಾಲಕರು ಮತ್ತು ಮೊದಲಿನಿಂದ ಮಾಂಸಾಹಾರಿಗಳಾದ ಕೆಲವು ಸಿಬ್ಬಂದಿ. ಮಾಂಸಾಹಾರಿಗಳು ಎಂದರೂ ಅವರು ತಿನ್ನುತ್ತಿದ್ದುದು ಹೆಚ್ಚಾಗಿ ಕೋಳಿ ಮತ್ತು ಕುರಿ, ಅಪರೂಪಕ್ಕೆ ಕೃಷ್ಣಾ ಹಿನ್ನೀರಿನ ಕೆರೆಮೀನು; ಸಿಹಿನೀರಿನ ಈ ಮೀನುಗಳಲ್ಲಿ ಇಪಿಎ ಸಮುದ್ರದ ಬಂಗಡೆ, ಬೂತಾಯಿಗಳಲ್ಲಿರುವಷ್ಟು ಇರುವುದಿಲ್ಲ. ರಕ್ತ ತೆಳುಗೊಳಿಸುವ ಔಷಧ ಸೇವಿಸುವವರನ್ನು ಮತ್ತು ಶಸ್ತ್ರಚಿಕಿತ್ಸೆಗೆ ಕಾದಿದ್ದವರನ್ನು ನಾನು ಮೊದಲೇ ಬಿಟ್ಟಿದ್ದೆ.

ಒಂದು ಗ್ರಾಂ ತೂಕದ ಸಾಮಾನ್ಯ ಮೀನೆಣ್ಣೆ ಗುಳಿಗೆಯಲ್ಲಿ 180 ಮಿಲಿಗ್ರಾಂ ಇಪಿಎ ಮತ್ತು 120 ಮಿಲಿಗ್ರಾಂ ಡಿಎಚ್‌ಎ ಇರುತ್ತದೆ. ಒಂದು ಗ್ರಾಂ ಮೀನೆಣ್ಣೆ ಎಂದರೆ ಒಂದು ಗ್ರಾಂ ಒಮೆಗಾ-3 ಎಂದು ತಿಳಿದು ಲೆಕ್ಕ ಹಾಕುವ ತಪ್ಪನ್ನು ನಾನು ವಿದ್ಯಾವಂತರಲ್ಲಿಯೂ ಕಂಡಿದ್ದೇನೆ. ಹೋಲಿಕೆಯ ಗುಂಪಿಗೆ ಯಾವ ಎಣ್ಣೆ ಕೊಡಬೇಕೆಂಬುದು ಮತ್ತೊಂದು ಪ್ರಶ್ನೆಯಾಗಿತ್ತು. ಸುಲಭಕ್ಕೆ ಸಿಗುವುದೆಂದು ಮೊದಲು ಕುಸುಬಿ ಎಣ್ಣೆಯನ್ನೇ ಆರಿಸಿದ್ದೆ. ಆದರೆ ಲಿನೋಲಿಯಿಕ್ ಆಮ್ಲವೇ ಅರಾಕಿಡೋನಿಕ್ ಆಮ್ಲದ ಮೂಲವಾಗಿರುವಾಗ ಅದನ್ನು ತಟಸ್ಥ ಎಣ್ಣೆ ಎನ್ನುವುದು ತಪ್ಪೆಂದು ತಿಳಿದು ಆಲಿವ್ ಎಣ್ಣೆಗೆ ಬದಲಾಯಿಸಿದೆ. ಗುಳಿಗೆಗಳು ಏಪ್ರಿಲ್‌ನ ಸೆಕೆಯಲ್ಲಿ ಕೆಡುತ್ತವೆ. ಇಂಗಾಲದ ಸರಪಳಿಯಲ್ಲಿ ಆರು ಎರಡುಬಂಧಗಳಿರುವ ಡಿಎಚ್‌ಎ ಗಾಳಿ ಮತ್ತು ಬಿಸಿಗೆ ಬೇಗ ಆಕ್ಸಿಡೀಕರಣಗೊಳ್ಳುತ್ತದೆ. ಆದ್ದರಿಂದ ಪ್ರತಿ ಡಬ್ಬಿಯಿಂದ ಒಂದು ಗುಳಿಗೆ ಒಡೆದು, ಎಣ್ಣೆ ಎಷ್ಟು ಕೆಟ್ಟಿದೆ ಎಂದು ತಿಳಿಸುವ ಪೆರಾಕ್ಸೈಡ್ ಮೌಲ್ಯ ನೋಡಿಯೇ ಹಂಚುತ್ತಿದ್ದೆ. ಯಾರಿಗೆ ಯಾವ ಎಣ್ಣೆ ಸಿಕ್ಕಿದೆ ಎಂಬುದನ್ನು ಮುಚ್ಚಿಡಬೇಕೆಂದು ಯೋಜಿಸಿದ್ದೆನಾದರೂ ಮೀನಿನ ವಾಸನೆಯ ತೇಗು ಎರಡನೆಯ ದಿನವೇ ಗುಟ್ಟು ಬಿಟ್ಟುಕೊಡುತ್ತಿತ್ತು. ಊಟದ ನಡುವೆ ನುಂಗಿದರೆ ತೇಗು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಳ್ಳ ಅಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೋಗಿ ಉಂಡು ಬಂದ ಮರುದಿನ ಯಾರ ರಕ್ತವನ್ನೂ ತೆಗೆಯಲಿಲ್ಲ. ಸಿದ್ಧೇಶ್ವರ ಜಾತ್ರೆಯ ವಾರವನ್ನೂ ಬಿಟ್ಟೆ.

ರಕ್ತ ತೆಗೆಯುವ ಹಂತದಲ್ಲಿಯೇ ಅರ್ಧ ಕೆಲಸ ಕೆಡಬಹುದು ಎಂಬುದನ್ನು ನಾನು ತಡವಾಗಿ ಕಲಿತೆ. ತೋಳಿನ ಪಟ್ಟಿಯನ್ನು ಬಿಗಿದು ಬಹಳ ಹೊತ್ತು ಬಿಟ್ಟರೆ, ಸೂಜಿ ಸಣ್ಣದಾದರೆ, ಗಾಜಿನ ನಳಿಕೆ ಬಳಸಿದರೆ, ಪ್ಲೇಟ್‌ಲೆಟ್‌ಗಳು ನಾವು ಪ್ರಚೋದಿಸುವ ಮೊದಲೇ ಪ್ರಚೋದನೆಗೊಂಡು ತಮ್ಮ ಆಮ್ಲಗಳನ್ನು ಬಿಟ್ಟುಕೊಟ್ಟಿರುತ್ತವೆ. 21 ಗೇಜಿನ ಸೂಜಿ, ಸಡಿಲ ಪಟ್ಟಿ, ಮೊದಲ ಎರಡು ಮೂರು ಮಿಲಿಲೀಟರ್ ರಕ್ತವನ್ನು ಬೇರೆಯಾಗಿ ತೆಗೆದಿಡುವುದು, ಪ್ಲಾಸ್ಟಿಕ್ ನಳಿಕೆ, ಇವು ನನ್ನ ನಿಯಮಗಳಾದವು. ಸೆಂಟ್ರಿಫ್ಯೂಜ್‌ನಲ್ಲಿ ಗುರುತ್ವದ 200 ಪಟ್ಟು ಬಲದಲ್ಲಿ ಹತ್ತು ಹದಿನೈದು ನಿಮಿಷ ತಿರುಗಿಸಿದರೆ ಕೆಂಪು ಕಣಗಳು ಕೆಳಗಿಳಿದು ಮೇಲೆ ಮಬ್ಬು ಹಳದಿಯ, ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ ಉಳಿಯುತ್ತದೆ. ಆ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ಒಲೆದಾಡಿಸಿದರೆ ಒಳಗೆ ರೇಷ್ಮೆ ಸೀರೆಯ ಮಡಿಕೆ ಹೊರಳಿದಂತೆ ಹೊಳೆಯುವ ಅಲೆಗಳು ಸುಳಿಯುತ್ತವೆ. ಬಿಲ್ಲೆಯಾಕಾರದ ಪ್ಲೇಟ್‌ಲೆಟ್‌ಗಳು ಹರಿವಿನ ದಿಕ್ಕಿಗೆ ಸಾಲುಗೊಂಡು ಬೆಳಕನ್ನು ಚದುರಿಸುವುದರಿಂದ ಹಾಗೆ ಕಾಣುತ್ತದೆ. ಯಾವ ಉಪಕರಣವೂ ಇಲ್ಲದೆ ಪ್ಲೇಟ್‌ಲೆಟ್‌ಗಳು ನೆಮ್ಮದಿಯಾಗಿವೆ ಎಂದು ತಿಳಿಸುವ ಈ ಹೊಳಪನ್ನು ನಾನು ಪ್ರತಿ ನಳಿಕೆಯಲ್ಲಿಯೂ ನೋಡಿಯೇ ಮುಂದುವರಿಯುತ್ತಿದ್ದೆ.

ಒಂದು ಮಧ್ಯಾಹ್ನ ವಿದ್ಯುತ್ ಹೋಗಿ ಎಸಿ ನಿಂತಿತು. ನಾನು ಥ್ರಾಂಬಿನ್ ತರಲು ಪಕ್ಕದ ಕೋಣೆಗೆ ಹೋದಾಗ ಸಹಾಯಕರು ಬಿಸಿಲಿಗೆ ರಕ್ತ ಕೆಟ್ಟೀತೆಂಬ ಕಾಳಜಿಯಿಂದ ನಳಿಕೆಗಳನ್ನೆಲ್ಲ ಐಸ್ ಇದ್ದ ಪೆಟ್ಟಿಗೆಗೆ ಹಾಕಿದ್ದರು. "ಅಕ್ಕಾರ, ಹಾಲು ಕೆಟ್ಟಂಗ ಕೆಡಬಾರದು ಅಂತ ಇಟ್ಟೇನ್ರಿ" ಎಂದರು. ತೆಗೆದು ಬೆಳಕಿಗೆ ಹಿಡಿದರೆ ಅಲೆಗಳಿರಲಿಲ್ಲ. ದ್ರವ ಅಂಬಲಿಯ ತಿಳಿಯಂತೆ ಮಂಕಾಗಿ, ಸುಮ್ಮನೆ ಅತ್ತಿತ್ತ ಹೊರಳಿತು. ತಣ್ಣಗಾದ ಪ್ಲೇಟ್‌ಲೆಟ್ ತನ್ನ ಬಿಲ್ಲೆಯ ಆಕಾರ ಬಿಟ್ಟು ಮುಳ್ಳುಮುಳ್ಳಾದ ಗುಂಡಾಗುತ್ತದೆ, ಹಾಗಾಗಿಯೇ ರಕ್ತನಿಧಿಗಳು ಅದನ್ನು 20ರಿಂದ 24 ಡಿಗ್ರಿಯಲ್ಲಿ ಇಡುತ್ತವೆ. ತಪ್ಪು ನನ್ನದು, ಏಕೆಂದರೆ ರಕ್ತವನ್ನು ತಣ್ಣಗಿಡಬೇಕೆಂಬುದು ಸಹಜ ತಿಳಿವಳಿಕೆ, ಪ್ಲೇಟ್‌ಲೆಟ್‌ಗೆ ಅದು ಸಲ್ಲದೆಂದು ನಾನು ಮೊದಲೇ ಹೇಳಿರಬೇಕಿತ್ತು. ಮೂವರ ಆ ದಿನದ ಮಾದರಿಗಳನ್ನು ಬಿಟ್ಟುಕೊಟ್ಟೆ.

ಬಿಡುಗಡೆಯನ್ನು ಅಳೆಯುವ ಪ್ರಯೋಗದ ತಿರುಳು ಇಲ್ಲಿಂದ ಮುಂದಿನದು. ಬಹಳ ಮಂದಿ ವಿಕಿರಣಶೀಲ ಅರಾಕಿಡೋನಿಕ್ ಆಮ್ಲವನ್ನು ಪ್ಲೇಟ್‌ಲೆಟ್‌ಗೆ ಉಣಿಸಿ, ಅದರ ಗುರುತು ಎಷ್ಟು ಹೊರಬರುತ್ತದೆ ಎಂದು ಎಣಿಸುತ್ತಾರೆ. ಆ ವಿಧಾನ ಸೂಕ್ಷ್ಮವಾದದ್ದು ನಿಜ. ಆದರೆ ಹೊಸದಾಗಿ ಸೇರಿದ ಗುರುತು ಪೊರೆಯ ಎಲ್ಲ ಫಾಸ್ಫೋಲಿಪಿಡ್‌ಗಳಲ್ಲಿ ಸಮನಾಗಿ ಹಂಚಿಕೊಳ್ಳುವುದಿಲ್ಲ, ಮೇಲಾಗಿ ಮೀನೆಣ್ಣೆ ಆ ಪೊರೆಯ ಹಂಚಿಕೆಯನ್ನೇ ಬದಲಾಯಿಸುತ್ತಿರುವಾಗ ಮೊದಲಿನ ಮತ್ತು ನಂತರದ ಎಣಿಕೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗಾಗಿ ಗುರುತು ಬೇಡ, ಹೊರಬಂದ ಆಮ್ಲದ ತೂಕವನ್ನೇ ಅಳೆಯೋಣ ಎಂದು ನಿರ್ಧರಿಸಿದೆ. ಆದರೆ ಹೊರಬಂದ ಅರಾಕಿಡೋನಿಕ್ ಆಮ್ಲ ಹೊರಬಂದ ಹಾಗೆಯೇ ಉಳಿಯುವುದಿಲ್ಲ. ಕ್ಷಣಾರ್ಧದಲ್ಲಿ ಸೈಕ್ಲೋಆಕ್ಸಿಜನೇಸ್ ಅದನ್ನು ಥ್ರಾಂಬಾಕ್ಸೇನ್ ಕಡೆಗೂ, ಲಿಪಾಕ್ಸಿಜನೇಸ್ ಅದನ್ನು ಮತ್ತೊಂದು ಕಡೆಗೂ ಎಳೆಯುತ್ತದೆ, ಉಳಿದದ್ದನ್ನು ಮತ್ತೆ ಪೊರೆಗೆ ಹೊಲಿಯುವ ಕಿಣ್ವಗಳೂ ಇವೆ. ಮೂರು ಕಡೆ ತೂತಿರುವ ಕೊಡದಲ್ಲಿ ಎಷ್ಟು ನೀರು ಬಿತ್ತು ಎಂದು ಅಳೆಯಬೇಕಾದರೆ ಮೊದಲು ತೂತು ಮುಚ್ಚಬೇಕು. ಎರಡೂ ಆಕ್ಸಿಜನೇಸ್‌ಗಳನ್ನು ಒಟ್ಟಿಗೆ ತಡೆಯುವ ಬಿಡಬ್ಲ್ಯು 755ಸಿ ಎಂಬ ಸಂಯುಕ್ತವನ್ನು ಇದಕ್ಕಾಗಿ ಬಳಸಿದೆ. ಮರಳಿ ಪೊರೆ ಸೇರುವುದನ್ನು ಕಡಿಮೆ ಮಾಡಲು ಹೊರಬಂದ ಆಮ್ಲವನ್ನು ಹಿಡಿದಿಟ್ಟುಕೊಳ್ಳುವ ಅಲ್ಬುಮಿನ್ ಸೇರಿಸಿದೆ. ಅದು ಕೊಬ್ಬಿನಾಮ್ಲರಹಿತ ಅಲ್ಬುಮಿನ್ ಆಗಿರಬೇಕು, ಇಲ್ಲವಾದರೆ ಅದೇ ತನ್ನೊಡನೆ ತಂದ ಆಮ್ಲಗಳನ್ನು ನಾವು ಪ್ಲೇಟ್‌ಲೆಟ್‌ನ ಲೆಕ್ಕಕ್ಕೆ ಬರೆಯುತ್ತೇವೆ.

ತೊಳೆದ ಪ್ಲೇಟ್‌ಲೆಟ್‌ಗಳನ್ನು ಅಮೋನಿಯಂ ಆಕ್ಸಲೇಟ್ ದ್ರಾವಣದಲ್ಲಿ ತೆಳುಗೊಳಿಸಿ ರಕ್ತಕಣ ಎಣಿಸುವ ಗೆರೆಗಳುಳ್ಳ ಗಾಜಿನ ಫಲಕವಾದ ನ್ಯೂಬಾವರ್ ಕೋಣೆಯಲ್ಲಿ ಕಣ್ಣಾರೆ ಎಣಿಸಿ, ಪ್ರತಿ ನಳಿಕೆಗೂ ಒಂದೇ ಸಂಖ್ಯೆ ಬರುವಂತೆ ಹೊಂದಿಸಿ, 37 ಡಿಗ್ರಿಯ ನೀರಿನಲ್ಲಿ ಇಟ್ಟು, ಥ್ರಾಂಬಿನ್ ಹಾಕಿ, ಗೊತ್ತುಪಡಿಸಿದ ಕ್ಷಣಕ್ಕೆ ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಸುರಿದು ಎಲ್ಲವನ್ನೂ ನಿಲ್ಲಿಸುತ್ತಿದ್ದೆ. ಫೋಲ್ಚ್ ಮತ್ತು ಸಂಗಡಿಗರು 1957ರಲ್ಲಿ ಕೊಟ್ಟ ವಿಧಾನದ ಮೇಲೆಯೇ ಈ ಹೊರತೆಗೆಯುವಿಕೆ ನಿಂತಿದೆ. ದ್ರಾವಣವನ್ನು ತುಸು ಆಮ್ಲೀಯಗೊಳಿಸುವುದನ್ನು ಮರೆಯಬಾರದು, ಏಕೆಂದರೆ ಲವಣರೂಪದಲ್ಲಿ ಉಳಿದ ಕೊಬ್ಬಿನಾಮ್ಲದ ಒಂದಷ್ಟು ಭಾಗ ನೀರಿನ ಪದರದಲ್ಲಿಯೇ ಉಳಿದುಬಿಡುತ್ತದೆ. ತೂಕದ ಆಧಾರಕ್ಕೆ 17 ಇಂಗಾಲದ ಹೆಪ್ಟಾಡೆಕನೋಯಿಕ್ ಆಮ್ಲವನ್ನು ಅಳೆದು ಮೊದಲೇ ಸೇರಿಸುತ್ತಿದ್ದೆ. ಮನುಷ್ಯರ ಪ್ಲೇಟ್‌ಲೆಟ್‌ನಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ನಂತರ ಸಿಲಿಕಾ ಫಲಕದ ಮೇಲೆ ಲಿಪಿಡ್‌ಗಳನ್ನು ಓಡಿಸಿದರೆ ಫಾಸ್ಫೋಲಿಪಿಡ್‌ಗಳು ಬುಡದಲ್ಲಿಯೇ ನಿಲ್ಲುತ್ತವೆ, ಬಿಡಿ ಕೊಬ್ಬಿನಾಮ್ಲಗಳು ನಡುವೆ ಒಂದು ಪಟ್ಟಿಯಾಗಿ ಬೇರೆಯಾಗುತ್ತವೆ. ಆ ಪಟ್ಟಿಯನ್ನು ಗುರುತಿಸಲು ಮೊದಲ ತಂಡದ ಫಲಕಗಳಿಗೆ ನಾನು ಅಯೋಡಿನ್ ಹಬೆ ಕೊಟ್ಟೆ, ಏಕೆಂದರೆ ಎಂಎಸ್ಸಿಯಲ್ಲಿ ಕಲಿತದ್ದು ಅದನ್ನೇ. ಪಟ್ಟಿ ಚೆನ್ನಾಗಿ ಕಂದುಬಣ್ಣಕ್ಕೆ ತಿರುಗಿತು. ಆದರೆ ಅಯೋಡಿನ್ ಹೋಗಿ ಅಂಟಿಕೊಳ್ಳುವುದು ಎರಡುಬಂಧಗಳಿಗೆ. ನಾಲ್ಕು ಎರಡುಬಂಧಗಳ ಅರಾಕಿಡೋನಿಕ್ ಆಮ್ಲ, ಐದಿರುವ ಇಪಿಎ, ಆರಿರುವ ಡಿಎಚ್‌ಎ, ಅಂದರೆ ನಾನು ಹುಡುಕುತ್ತಿದ್ದವೇ ಎಲ್ಲಕ್ಕಿಂತ ಹೆಚ್ಚು ನಷ್ಟವಾದವು. ಮುಂದಿನ ತಂಡದಿಂದ ಡೈಕ್ಲೋರೋಫ್ಲೋರೆಸೀನ್ ಎಂಬ ಹೊಳೆಯುವ ಬಣ್ಣ ಸಿಂಪಡಿಸಿ ನೇರಳಾತೀತ ಬೆಳಕಿನಲ್ಲಿ ನೋಡಿ, ಪಟ್ಟಿಯನ್ನು ಬ್ಲೇಡಿನಿಂದ ಕೆರೆದು ತೆಗೆಯಲಾರಂಭಿಸಿದೆ. ಮೊದಲ ತಂಡದ ಅಂಕಿಗಳನ್ನು ಪ್ರಬಂಧದಲ್ಲಿ ಸೇರಿಸಲಿಲ್ಲ.

ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದರ ಪ್ರಮಾಣವನ್ನು ಗೆರೆಯ ಮೇಲೆ ಶಿಖರವಾಗಿ ತೋರಿಸುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಯಂತ್ರ ನಮ್ಮಲ್ಲಿ ಇರಲಿಲ್ಲ. ಆ ಯಂತ್ರಕ್ಕೆ ಒಗ್ಗುವಂತೆ, ಸುಲಭವಾಗಿ ಆವಿಯಾಗುವ ಮೀಥೈಲ್ ಎಸ್ಟರ್‌ಗಳಾಗಿ ಬದಲಾಯಿಸಿದ ಮಾದರಿಗಳನ್ನು ಸಣ್ಣ ಬಾಟಲಿಗಳಲ್ಲಿ ಸಾರಜನಕ ತುಂಬಿ ಮುಚ್ಚಿ, ಐಸ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಜಮಖಂಡಿ, ಮುಧೋಳದ ದಾರಿಯಲ್ಲಿ ಬಸ್ಸಿನಲ್ಲಿ ಬೆಳಗಾವಿಗೆ ಹೋಗುತ್ತಿದ್ದೆ. ಯಂತ್ರದ ಮೊದಲ ಸರದಿ ಯಾವಾಗಲೂ ಖಾಲಿ ಮಾದರಿಗೆ, ಅಂದರೆ ಪ್ಲೇಟ್‌ಲೆಟ್ ಇಲ್ಲದೆ ಉಳಿದೆಲ್ಲ ಹಂತಗಳನ್ನು ದಾಟಿಸಿದ ದ್ರವಕ್ಕೆ. ಅದರಲ್ಲಿಯೂ ಪಾಲ್ಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳ ಎರಡು ಶಿಖರಗಳು ಏಳುತ್ತಿದ್ದವು. ಸಾಬೂನು, ಬೆರಳು, ಪ್ಲಾಸ್ಟಿಕ್, ದ್ರಾವಕ, ಎಲ್ಲಿಂದಲಾದರೂ ಅವು ಬರುತ್ತವೆ. ಖಾಲಿ ಮಾದರಿಯನ್ನು ತೋರಿಸದೆ ಪಾಲ್ಮಿಟಿಕ್ ಆಮ್ಲದ ಬಿಡುಗಡೆಯ ಬಗ್ಗೆ ಮಾತನಾಡುವ ವರದಿಯನ್ನು ಆ ದಿನಗಳ ನಂತರ ನಾನು ನಂಬುವುದು ಬಿಟ್ಟಿದ್ದೇನೆ. ಅರಾಕಿಡೋನಿಕ್ ಆಮ್ಲ ಮತ್ತು ಇಪಿಎ ಸಾಬೂನಿನಿಂದ ಬರುವಂಥವಲ್ಲ, ಅದು ನನ್ನ ಪಾಲಿನ ಧೈರ್ಯ.

ಮೀನೆಣ್ಣೆ ಆರಂಭಿಸುವ ಮೊದಲಿನ ಮಾದರಿಗಳಲ್ಲಿ, ಥ್ರಾಂಬಿನ್ ತಾಗಿದಾಗ ಅರಾಕಿಡೋನಿಕ್ ಆಮ್ಲದ ಶಿಖರ ಮಾತ್ರ ಎದ್ದು ನಿಲ್ಲುತ್ತಿತ್ತು. ಇಪಿಎ ಇರಬೇಕಾದ ಜಾಗದಲ್ಲಿ ಗೆರೆ ನೆಲಬಿಟ್ಟು ಏಳುತ್ತಿರಲಿಲ್ಲ ಎಂದೇ ಹೇಳಬೇಕು. ಕೆಲವು ವಾರಗಳ ನಂತರದ ಮಾದರಿಗಳಲ್ಲಿ ಅದೇ ಜಾಗದಲ್ಲಿ ಸ್ಪಷ್ಟವಾದ ಗುಡ್ಡವೊಂದು ಮೂಡಿತು. ಅರಾಕಿಡೋನಿಕ್ ಆಮ್ಲದ ಶಿಖರ ಇಳಿದಿತ್ತು, ಆದರೆ ಇಪಿಎಗಿಂತ ಅದೇ ಇನ್ನೂ ಎತ್ತರವಾಗಿತ್ತು. ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಡಿಎಚ್‌ಎ. ಪೊರೆಯ ಒಟ್ಟು ಲಿಪಿಡ್‌ಗಳಲ್ಲಿ ಅದು ಹೆಚ್ಚಿರುವುದು ಕಣ್ಣಿಗೆ ಕಾಣುತ್ತಿತ್ತು, ಬಿಡಿ ಆಮ್ಲಗಳ ಪಟ್ಟಿಯಲ್ಲಿ ಮಾತ್ರ ಅದು ಇದ್ದೂ ಇಲ್ಲದಂತಿತ್ತು. ಇದು ನನ್ನ ಕೈತಪ್ಪಲ್ಲ, ಹಿಂದೆ ಇದನ್ನು ಅಳೆದವರೂ ಹೀಗೆಯೇ ಕಂಡಿದ್ದಾರೆ. ಇಪಿಎ ಹೆಚ್ಚಾಗಿ ಫಾಸ್ಫಟಿಡೈಲ್‌ಕೋಲಿನ್ ಎಂಬ ಬಗೆಯ ಫಾಸ್ಫೋಲಿಪಿಡ್‌ಗೆ ಸೇರುತ್ತದೆ, ಅಲ್ಲಿಂದ ಫಾಸ್ಫೋಲಿಪೇಸ್ ಎ2 ಅದನ್ನು ಅರಾಕಿಡೋನಿಕ್ ಆಮ್ಲದ ಜೊತೆಗೇ ಕತ್ತರಿಸುತ್ತದೆ. ಡಿಎಚ್‌ಎ ಹೆಚ್ಚಾಗಿ ಫಾಸ್ಫಟಿಡೈಲ್‌ಎಥನೋಲಮೈನ್ ಎಂಬ ಇನ್ನೊಂದು ಬಗೆಯಲ್ಲಿ ನೆಲೆಸುತ್ತದೆ, ಮತ್ತು ಆ ಕಿಣ್ವಕ್ಕೆ ಅದರ ಮೇಲೆ ಒಲವು ಕಡಿಮೆ. ಒಂದೇ ಗುಳಿಗೆಯಲ್ಲಿ ಒಟ್ಟಿಗೆ ನುಂಗಿದ ಎರಡು ಆಮ್ಲಗಳ ಪೈಕಿ ಒಂದು ಕರೆದರೆ ಹೊರಬರುತ್ತದೆ, ಇನ್ನೊಂದು ಪೊರೆಯಲ್ಲಿಯೇ ಉಳಿಯುತ್ತದೆ. ಪೊರೆಯನ್ನು ಮಾತ್ರ ಅಳೆದಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಹೊರಬಂದ ಇಪಿಎ ಅಲ್ಲಿಗೆ ಸುಮ್ಮನಾಗುವುದಿಲ್ಲ. ಸೈಕ್ಲೋಆಕ್ಸಿಜನೇಸ್‌ನ ಬಾಗಿಲಲ್ಲಿ ಅದು ಅರಾಕಿಡೋನಿಕ್ ಆಮ್ಲದೊಡನೆ ಪೈಪೋಟಿಗಿಳಿಯುತ್ತದೆ, ಆದರೆ ಕಿಣ್ವ ಅದನ್ನು ನಿಧಾನವಾಗಿ ಮತ್ತು ಅಲ್ಪವಾಗಿಯೇ ಬಳಸುತ್ತದೆ. ಅದರಿಂದಾಗುವ ಥ್ರಾಂಬಾಕ್ಸೇನ್ ಎ3ಗೆ ಪ್ಲೇಟ್‌ಲೆಟ್‌ಗಳನ್ನು ಗಂಟುಗೂಡಿಸುವ ಕಸುವು ಬಹಳ ಕಡಿಮೆ. ಹೀಗೆ ಅರಾಕಿಡೋನಿಕ್ ಆಮ್ಲ ಕಡಿಮೆ ಹೊರಬರುವುದು ಒಂದು ಕಾರಣವಾದರೆ, ಹೊರಬಂದದ್ದಕ್ಕೂ ಅಡ್ಡಿಯಾಗುವುದು ಇನ್ನೊಂದು ಕಾರಣ.

ಈ ಬಿಡುಗಡೆ ಮತ್ತು ಉತ್ಪನ್ನಗಳ ಭೇದವನ್ನು ನನಗೆ ಮನದಟ್ಟು ಮಾಡಿಸಿದ್ದು ಆಲಿವ್ ಎಣ್ಣೆಯ ಗುಂಪಿನ ಒಬ್ಬ ಚಾಲಕರ ಮಾದರಿ. ಅವರ ಥ್ರಾಂಬಾಕ್ಸೇನ್ ಬಿ2 ಬಹಳ ಕಡಿಮೆ ಬಂತು, ಗುಂಪು ಅದಲುಬದಲಾಗಿದೆಯೇ ಎಂದು ಎರಡು ದಿನ ಕಡತ ಹುಡುಕಿದೆ. ಆದರೆ ಥ್ರಾಂಬಿನ್‌ಗೆ ಅವರ ಪ್ಲೇಟ್‌ಲೆಟ್‌ಗಳು ಬಿಟ್ಟ ಅರಾಕಿಡೋನಿಕ್ ಆಮ್ಲ ಎಲ್ಲರಂತೆಯೇ ಇತ್ತು, ಇಪಿಎ ಇರಲೇ ಇಲ್ಲ. ಕೇಳಿದಾಗ ಅವರು ನೆನಪು ಮಾಡಿಕೊಂಡರು: ನಾಲ್ಕು ದಿನದ ಹಿಂದೆ ರಾತ್ರಿ ಪಾಳಿ ಮುಗಿಸಿ ತಲೆ ಸಿಡಿಯುತ್ತಿದ್ದಾಗ ಅಂಗಡಿಯಲ್ಲಿ ಒಂದು ಗುಳಿಗೆ ಕೊಂಡು ನುಂಗಿದ್ದರು. "ಅದೂ ಔಷಧದ ಲೆಕ್ಕಕ್ಕ ಬರತೈತಿ ಅಂತ ನನಗ ಹೊಳೀಲೇ ಇಲ್ರಿ ಮೇಡಂ" ಎಂದು ನೊಂದುಕೊಂಡರು. ಅದು ಆಸ್ಪಿರಿನ್ ಇರುವ ಗುಳಿಗೆ. ಆಸ್ಪಿರಿನ್ ಸೈಕ್ಲೋಆಕ್ಸಿಜನೇಸ್‌ಗೆ ಶಾಶ್ವತವಾಗಿ ಬೀಗ ಹಾಕುತ್ತದೆ. ಕೋಶಕೇಂದ್ರವಿಲ್ಲದ ಪ್ಲೇಟ್‌ಲೆಟ್ ಹೊಸ ಕಿಣ್ವ ಮಾಡಿಕೊಳ್ಳಲಾರದೆ ಬದುಕಿರುವಷ್ಟು ದಿನ ಹಾಗೆಯೇ ಇರುತ್ತದೆ. ಆಸ್ಪಿರಿನ್ ತಡೆದದ್ದು ಬಳಕೆಯನ್ನು, ಬಿಡುಗಡೆಯನ್ನಲ್ಲ. ಮೀನೆಣ್ಣೆ ಮುಟ್ಟುವುದು ಎರಡನ್ನೂ. ಬರಿಯ ಥ್ರಾಂಬಾಕ್ಸೇನ್ ಅಳೆದವರಿಗೆ ಈ ಚಾಲಕರೂ ಮೀನೆಣ್ಣೆ ತಿಂದವರೂ ಒಂದೇ ಸಾಲಿನಲ್ಲಿ ಕಾಣುತ್ತಾರೆ. ಅಂದಿನಿಂದ ನನ್ನ ಪ್ರಶ್ನಾವಳಿಯಲ್ಲಿ "ಔಷಧ ಸೇವಿಸಿದ್ದೀರಾ" ಎಂಬುದನ್ನು ಹೊಡೆದುಹಾಕಿ, "ಕಳೆದ ಹದಿನೈದು ದಿನಗಳಲ್ಲಿ ತಲೆನೋವು, ಮೈಕೈನೋವು, ನೆಗಡಿಗೆ ಅಂಗಡಿಯಿಂದ ಯಾವುದಾದರೂ ಗುಳಿಗೆ ತಂದು ನುಂಗಿದ್ದೀರಾ" ಎಂದು ಬರೆದೆ.

ಅಗಸಿ ಹಿಂಡಿ ತಿಂದರೆ ಸಾಲದೇ ಎಂಬ ಪ್ರಶ್ನೆ ಪ್ರತಿ ಉಪನ್ಯಾಸದ ಕೊನೆಗೂ ಬರುತ್ತದೆ, ಬರಬೇಕಾದದ್ದೇ. ಅಗಸಿಯ ಆಲ್ಫಾ-ಲಿನೋಲೆನಿಕ್ ಆಮ್ಲದಿಂದ ನಮ್ಮ ದೇಹ ಇಪಿಎ ಮಾಡಿಕೊಳ್ಳುತ್ತದೆ, ಆದರೆ ಅಲ್ಪ ಪ್ರಮಾಣದಲ್ಲಿ. ಡಿಎಚ್‌ಎ ಅದಕ್ಕಿಂತಲೂ ಕಡಿಮೆ. ಕುಸುಬಿಯ ಲಿನೋಲಿಯಿಕ್ ಆಮ್ಲಕ್ಕೂ ಬೇಕಾದದ್ದು ಅದೇ ಕಿಣ್ವವಾದ್ದರಿಂದ ಎರಡೂ ಒಂದೇ ಬಾವಿಯ ಹಗ್ಗಕ್ಕೆ ಕೈಹಾಕಿದಂತಾಗುತ್ತದೆ. ಹಾಗೆಂದು ಕುಸುಬಿ ಎಣ್ಣೆ ಹೆಚ್ಚು ತಿಂದಷ್ಟೂ ಪ್ಲೇಟ್‌ಲೆಟ್‌ನಲ್ಲಿ ಅರಾಕಿಡೋನಿಕ್ ಆಮ್ಲ ಏರುತ್ತಲೇ ಹೋಗುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ, ದೇಹ ಅದನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಿರುತ್ತದೆ. ಹೃದಯಕ್ಕೆ ಮೀನೆಣ್ಣೆ ಗುಳಿಗೆ ತೆಗೆದುಕೊಳ್ಳಲೇ ಎಂದು ಕೇಳುವವರಿಗೆ ನಾನು ನೇರವಾಗಿ ವೈದ್ಯರ ಬಳಿಗೆ ಹೋಗಿ ಎನ್ನುತ್ತೇನೆ. 2018ರಲ್ಲಿ ಪ್ರಕಟವಾದ ರೆಡ್ಯೂಸ್-ಇಟ್ ಅಧ್ಯಯನ ದಿನಕ್ಕೆ 4 ಗ್ರಾಂ ಶುದ್ಧೀಕರಿಸಿದ ಇಪಿಎಯಿಂದ ಲಾಭ ಕಂಡಿತು, 2020ರ ಸ್ಟ್ರೆಂತ್ ಅಧ್ಯಯನ ಅಷ್ಟೇ ಪ್ರಮಾಣದ ಇಪಿಎ-ಡಿಎಚ್‌ಎ ಮಿಶ್ರಣದಿಂದ ಲಾಭ ಕಾಣಲಿಲ್ಲ, ಎರಡರಲ್ಲಿಯೂ ಹೃದಯದ ಬಡಿತ ಏರುಪೇರಾದವರ ಸಂಖ್ಯೆ ಹೆಚ್ಚಿತ್ತು. ನನ್ನ ನಳಿಕೆಯಲ್ಲಿ ಕಂಡದ್ದು ಒಂದು ಕ್ರಿಯೆಯ ಬಗೆ. ಅದರಿಂದ ಚಿಕಿತ್ಸೆಯ ಸಲಹೆ ಕೊಡಲು ನನಗೆ ಅಧಿಕಾರವಿಲ್ಲ.

ಗುಳಿಗೆ ನಿಲ್ಲಿಸಿದ ಮೇಲೂ ಕೆಲವರನ್ನು ಮತ್ತೆ ಕರೆಸಿ ರಕ್ತ ತೆಗೆದೆ. ಹಳೆಯ ಪ್ಲೇಟ್‌ಲೆಟ್‌ಗಳು ಹೋಗಿ ಹೊಸವು ಹುಟ್ಟುತ್ತಿದ್ದಂತೆ ಇಪಿಎಯ ಗುಡ್ಡ ವಾರದಿಂದ ವಾರಕ್ಕೆ ತಗ್ಗುತ್ತ ಬಂತು. ಬೆಳಗಾವಿಗೆ ಕೊನೆಯ ಬಾರಿ ಒಯ್ದ ಪೆಟ್ಟಿಗೆಯಲ್ಲಿ ಆ ಚಾಲಕರ ಮಾದರಿಯೂ ಇತ್ತು, ಈ ಸಲ ಗುಳಿಗೆ ನುಂಗದ ಹದಿನೈದು ದಿನಗಳ ನಂತರ ತೆಗೆದದ್ದು. ಅವರ ಥ್ರಾಂಬಾಕ್ಸೇನ್ ಮತ್ತೆ ಎಲ್ಲರಂತೆಯೇ ಇತ್ತು, ಅರಾಕಿಡೋನಿಕ್ ಆಮ್ಲದ ಶಿಖರ ಮೊದಲ ಬಾರಿ ಎಲ್ಲಿತ್ತೋ ಅಲ್ಲಿಯೇ ಇತ್ತು.